ಕಾರ್ತಹೇನಾ: ಕೋಟೆಯೊಳಗಿನ ಬಂದರು

ದಕ್ಷಿಣ ಅಮೇರಿಕಾ ಖಂಡದ ಭೂಪಟವನ್ನು ತೆರೆದು ಅದರ ವಾಯವ್ಯ ಮೂಲೆಯನ್ನು ನೋಡಿದರೆ ಕೊಲಂಬಿಯಾ ಎಂಬ ದೇಶವು ಕಾಣುತ್ತದೆ. ಒಂದು ಕಡೆ ಶಾಂತಸಾಗರಕ್ಕೂ ಇನ್ನೊಂದು ಕಡೆ ಕೆರಿಬಿಯನ್ ಸಮುದ್ರಕ್ಕೂ ಮುಖವೊಡ್ಡಿ ನಿಂತಿರುವ ನಾಡು ಇದು. ಇದರ ಕೆರಿಬಿಯನ್ ತೀರದಲ್ಲಿ, ನಮ್ಮ ಕೊಚ್ಚಿಯಿರುವ ಅಕ್ಷಾಂಶದಲ್ಲಿಯೇ ಹೆಚ್ಚುಕಡಿಮೆ, ಕಾರ್ತಹೇನಾ ಎಂಬ ಪುರಾತನ ರೇವುಪಟ್ಟಣವಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುದನ್ನು ಕಂಡವರು ಈ ಹೆಸರನ್ನು ‘ಕಾರ್ಟಜೆನಾ’ ಎಂದು ಓದುವುದುಂಟು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಅಕ್ಷರಕ್ಕೆ ನಮ್ಮ ಹಕಾರಕ್ಕೆ ಸಮೀಪವಾದ ಉಚ್ಚಾರವಿರುವುದರಿಂದ ಕಾರ್ತಹೇನಾ ಎನ್ನುವುದೇ ಸರಿ.

ಪಟ್ಟಣದ ಪೂರ್ಣ ನಾಮಧೇಯ ‘ಕಾರ್ತಹೇನಾ ದೆ ಇಂದಿಯಾಸ್’. ಅಂದರೆ ‘ಇಂಡಿಯಾಗಳ ಕಾರ್ತಹೇನಾ’. ಸ್ಪೇಯಿನ್ ದೇಶದಲ್ಲಿ ಅದೇ ಹೆಸರಿನ ಹಳೆಯ ಬಂದರೊಂದು ಇರುವುದರಿಂದ, ಅದರಿಂದ ಇದನ್ನು ಬೇರೆಯಾಗಿ ತೋರಿಸಲು ಈ ವಿಶೇಷಣ ಬೇಕಾಯಿತು. 1492ರಲ್ಲಿ ಪಶ್ಚಿಮ ದಿಕ್ಕಿಗೆ ಹಡಗು ನಡೆಸಿದ ಕೊಲಂಬಸನು ತಾನು ಮುಟ್ಟಿದ ದ್ವೀಪಗಳು ನಮ್ಮ ಪೂರ್ವದೇಶಗಳೇ ಎಂದು ಭ್ರಮಿಸಿದುದು ನಿಮಗೆಲ್ಲ ಗೊತ್ತಿದೆ. ಆ ಭ್ರಮೆ ಹರಿದ ಮೇಲೂ ಹೆಸರು ಅಳಿಯಲಿಲ್ಲ. ಹೀಗಾಗಿ ನಮ್ಮಿಂದ ಅರ್ಧ ಭೂಮಂಡಲದಾಚೆ ಇರುವ ಪಟ್ಟಣವೊಂದು ಐದು ಶತಮಾನಗಳಿಂದ ನಮ್ಮ ದೇಶದ ಹೆಸರನ್ನು ತಪ್ಪಾಗಿ ಹೊತ್ತುಕೊಂಡು ಬಂದಿದೆ.

ಸ್ಪ್ಯಾನಿಷರು ಬರುವ ಮೊದಲು ಅಲ್ಲಿ ಕಲಮಾರಿ ಎಂಬ ಮೂಲನಿವಾಸಿಗಳ ಹಳ್ಳಿ ಇದ್ದಿತು. 1533ರಲ್ಲಿ ಪೆದ್ರೊ ದೆ ಎರೇದಿಯಾ ಎಂಬ ಸಾಹಸಿಯು ಆ ಸ್ಥಳದಲ್ಲಿ ಪಟ್ಟಣವನ್ನು ಸ್ಥಾಪಿಸಿದನು. ಆತನಿಗೆ ದುಭಾಷಿಯಾಗಿದ್ದವಳು ಕತಲೀನಾ ಎಂಬ ಮೂಲನಿವಾಸಿ ತರುಣಿ. ಎಳೆಯ ವಯಸ್ಸಿನಲ್ಲಿಯೇ ಅವಳನ್ನು ಆ ಕರಾವಳಿಯಿಂದ ಹಿಡಿದೊಯ್ದು ಸ್ಪ್ಯಾನಿಷರ ನಡುವೆ ಬೆಳೆಸಿದ್ದರು. ತನ್ನವರ ಮಾತನ್ನು ಪರಕೀಯರಿಗೂ, ಪರಕೀಯರ ಆಜ್ಞೆಯನ್ನು ತನ್ನವರಿಗೂ ತಿಳಿಸುವ ಕೆಲಸ ಅವಳ ಪಾಲಿಗೆ ಬಂದಿತು. ಅವಳ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ಯಾರೂ ಬರೆದಿಡಲಿಲ್ಲ. 1974ರಲ್ಲಿ ನಿಲ್ಲಿಸಿದ ಅವಳ ಕಂಚಿನ ಪ್ರತಿಮೆ ಹಳೆಯ ಪಟ್ಟಣದ ಅಂಚಿನಲ್ಲಿದೆ. ತಲೆಯಲ್ಲಿ ಗರಿ ಧರಿಸಿ, ನೆಟ್ಟಗೆ ನಿಂತ ನಿಲುವು ಅದು.

ಈ ಒಂದು ಬಂದರಿಗಾಗಿ ರಾಜರುಗಳು ಏಕೆ ಅಷ್ಟು ಹೊಡೆದಾಡಿದರು? ಇದಕ್ಕೆ ಉತ್ತರವು ಬೆಳ್ಳಿ ಬಂಗಾರಗಳಲ್ಲಿದೆ. ಪೆರು ಪ್ರಾಂತದ ಗಣಿಗಳಲ್ಲಿ ತೆಗೆದ ಬೆಳ್ಳಿಯು ಶಾಂತಸಾಗರದ ಮೂಲಕ ಪನಾಮಾಕ್ಕೆ ಬಂದು, ಅಲ್ಲಿಂದ ಹೇಸರಗತ್ತೆಗಳ ಬೆನ್ನಮೇಲೆ ಕಾಡುಹಾದಿ ದಾಟಿ ಕೆರಿಬಿಯನ್ ತೀರವನ್ನು ಸೇರುತ್ತಿದ್ದಿತು. ಅದನ್ನು ತುಂಬಿಕೊಳ್ಳಲು ಸ್ಪೇಯಿನ್‌ನಿಂದ ಬರುವ ದೊಡ್ಡ ಹಡಗುಗಳ ತಂಡವು ಮೊದಲು ತಂಗುತ್ತಿದ್ದುದು ಕಾರ್ತಹೇನಾದಲ್ಲಿ. ತುಂಬಿಕೊಂಡ ಮೇಲೆ ದುರಸ್ತಿಗಾಗಿ, ನೀರು ಅನ್ನಕ್ಕಾಗಿ ಹಿಂದಿರುಗುತ್ತಿದ್ದುದೂ ಅಲ್ಲಿಗೇ. ಬಳಿಕ ಹವಾನಾ ಮಾರ್ಗವಾಗಿ ಸ್ವದೇಶಕ್ಕೆ ಪ್ರಯಾಣ. ಹಾಗೆ ಹಿಂದಿರುಗಿ ಬರುತ್ತಿದ್ದ ‘ಸಾನ್ ಹೊಸೆ’ ಎಂಬ ಹಡಗನ್ನು 1708ರ ಜೂನ್ ತಿಂಗಳಲ್ಲಿ ಇಂಗ್ಲಿಷರು ಅಡ್ಡಗಟ್ಟಿದಾಗ, ಅದು ಸುಮಾರು 600 ಜನರೊಡನೆ ಈ ಪಟ್ಟಣದ ಸಮೀಪದಲ್ಲಿಯೇ ಸಿಡಿದು ಮುಳುಗಿತು. ಕೆಲವರೇ ಬದುಕಿ ಉಳಿದರು. ಅದರ ಅವಶೇಷವು ಕಡಲ ತಳದಲ್ಲಿ ಸಿಕ್ಕಿತೆಂಬ ವಾರ್ತೆ 2015ರಲ್ಲಿ ಪ್ರಕಟವಾಯಿತು. ಕೂಡಲೇ ಅದರಲ್ಲಿರುವ ನಿಧಿ ಯಾರದೆಂಬ ವ್ಯಾಜ್ಯವು ಬಲಗೊಂಡಿತು. ಹಡಗು ತಮ್ಮದೆಂದು ಸ್ಪೇಯಿನ್. ತಮ್ಮ ನೀರಿನಲ್ಲಿದೆಯೆಂದು ಕೊಲಂಬಿಯಾ. ಆ ಬೆಳ್ಳಿಯನ್ನು ಅಗೆದವರು ತಮ್ಮ ಪೂರ್ವಿಕರೆಂದು ಬೊಲಿವಿಯಾದ ಮೂಲನಿವಾಸಿಗಳು. ಮೂರನೆಯ ವಾದಕ್ಕೆ ಕಾಯಿದೆಯ ಬಲ ಎಷ್ಟಿದೆಯೋ, ನ್ಯಾಯದ ಬಲವಂತೂ ಇದೆ ಎಂದು ನನಗೆ ತೋರುತ್ತದೆ.

ನಿಧಿ ಇದ್ದಲ್ಲಿ ಕಳ್ಳರೂ ಇರಬೇಕಷ್ಟೆ. 1586ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕನು ಇಪ್ಪತ್ತಕ್ಕೂ ಹೆಚ್ಚು ಹಡಗುಗಳೊಡನೆ ಬಂದು ಪಟ್ಟಣವನ್ನು ಹಿಡಿದನು. ಬೀದಿಬೀದಿಯಾಗಿ ಮನೆಗಳನ್ನು ಸುಡುತ್ತ ಹೋಗಿ, ಕೊನೆಗೆ 1,07,000 ದುಕಾತುಗಳಷ್ಟು ಹಣವನ್ನು ಕಿತ್ತುಕೊಂಡು ತೆರಳಿದನು. ಆಗ ತಾನೇ ಏಳುತ್ತಿದ್ದ ಪ್ರಧಾನ ಇಗರ್ಜಿಗೂ ಧಕ್ಕೆಯಾಯಿತು. ಇಂಗ್ಲಿಷರ ಪಾಠಪುಸ್ತಕಗಳಲ್ಲಿ ಡ್ರೇಕನು ವೀರ ನಾವಿಕ. ಕಾರ್ತಹೇನಾದ ಮಕ್ಕಳ ಪಾಲಿಗೆ ಅವನು ಕಡಲುಗಳ್ಳ. ಚರಿತ್ರೆಯನ್ನು ಓದುವಾಗ ಅದನ್ನು ಬರೆದವರು ಯಾವ ದಡದಲ್ಲಿ ಕುಳಿತಿದ್ದರೆಂದು ಕೇಳಿಕೊಳ್ಳುವುದು ಒಳ್ಳೆಯದು.

ಆ ಪೆಟ್ಟಿನ ನಂತರವೇ ಸ್ಪೇಯಿನ್ ದೊರೆಯು ಬೌತೀಸ್ತಾ ಅಂತೊನೆಲ್ಲಿ ಎಂಬ ಇಟಲಿಯ ಎಂಜಿನಿಯರನನ್ನು ಕಳುಹಿಸಿದನು. ಆತನು ಹಾಕಿಕೊಟ್ಟ ಯೋಜನೆಯನ್ನು ಅನುಸರಿಸಿ, ಒಬ್ಬರಾದ ಮೇಲೊಬ್ಬರು ಎಂಜಿನಿಯರರು ಇನ್ನೂರು ವರ್ಷ ಕೋಟೆ ಕಟ್ಟಿಸಿದರು. 1796ರಲ್ಲಿ ಅದು ಮುಗಿಯಿತು. ಅಷ್ಟರಲ್ಲಿ ಸ್ಪ್ಯಾನಿಷರು ಹೊರಡುವ ಕಾಲವೇ ಸಮೀಪಿಸಿದ್ದಿತು! ಗೋಡೆಗಳ ಒಟ್ಟು ಉದ್ದ ಸುಮಾರು 11 ಕಿಲೋಮೀಟರ್. ಹವಳದ ಸುಣ್ಣಗಲ್ಲನ್ನು ಸಮೀಪದ ದ್ವೀಪಗಳಲ್ಲಿ ಕಡಿದು ತಂದು, ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆ ಅದು. ಹತ್ತಿರ ನಿಂತು ನೋಡಿದರೆ ಕಲ್ಲಿನೊಳಗೆ ಹವಳದ ಗೀರುಗಳೂ ಕಪ್ಪೆಚಿಪ್ಪುಗಳೂ ಕಾಣುತ್ತವೆ. ಕಲ್ಲು ಕಡಿದವರೂ ಹೊತ್ತವರೂ ಬಹುಮಟ್ಟಿಗೆ ಆಫ್ರಿಕಾದ ಗುಲಾಮರು. ಕೋಟೆಯ ಖರ್ಚಿನ ವಿಷಯದಲ್ಲಿ ಒಂದು ಕಥೆ ಪ್ರಚಾರದಲ್ಲಿದೆ: ದೊರೆಯು ತನ್ನ ಅರಮನೆಯ ಕಿಟಕಿಯಿಂದ ದುರ್ಬೀನು ಹಿಡಿದು ಪಶ್ಚಿಮಕ್ಕೆ ನೋಡುತ್ತಿದ್ದನಂತೆ, ಇಷ್ಟು ಹಣ ನುಂಗಿದ ಗೋಡೆ ಇಲ್ಲಿಗೂ ಕಾಣಿಸಬೇಕಲ್ಲ ಎಂದನಂತೆ. ಇದೇ ಕಥೆಯನ್ನು ಬೇರೆ ಕೋಟೆಗಳ ವಿಷಯದಲ್ಲೂ ಹೇಳುವುದರಿಂದ ಇದನ್ನು ಕಥೆಯೆಂದೇ ಸವಿಯಬೇಕು.

ಮುಂಬಯಿಯ ಮಕ್ಕಳಾದ ನಮಗೆ ಇಲ್ಲೊಂದು ಸಂಗತಿ ನೆನಪಾಗದಿರದು. ನಮ್ಮ ಊರಿನಲ್ಲಿಯೂ ಒಂದು ಕೋಟೆ ಇದ್ದಿತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರನು ಅದರ ಗೋಡೆಗಳನ್ನು ಕೆಡವಿಸಿದನು. ಈಗ ಉಳಿದಿರುವುದು ಫೋರ್ಟ್ ಎಂಬ ಬಡಾವಣೆಯ ಹೆಸರು, ಚರ್ಚ್‌ಗೇಟ್ ಎಂಬ ರೈಲು ನಿಲ್ದಾಣದ ಹೆಸರು, ಅಲ್ಲೊಂದು ಇಲ್ಲೊಂದು ಕಲ್ಲಿನ ತುಂಡು. ಗೇಟು ಎಲ್ಲಿ ಹೋಯಿತೆಂದು ನಿತ್ಯ ಅಲ್ಲಿ ಇಳಿಯುವ ಸಾವಿರಾರು ಜನರಲ್ಲಿ ಕೇಳುವವರು ವಿರಳ. ಕಾರ್ತಹೇನಾದಲ್ಲಿಯೂ ಊರು ಬೆಳೆಯಲು ಜಾಗ ಬೇಕೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಆರಂಭದಲ್ಲಿಯೂ ಗೋಡೆಯ ಕೆಲವು ಭಾಗಗಳನ್ನು ಒಡೆದರು. ಅದೃಷ್ಟವಶಾತ್ ಆ ಉತ್ಸಾಹವು ನಡುವೆಯೇ ನಿಂತಿತು. 1984ರಲ್ಲಿ ಯುನೆಸ್ಕೊ ಸಂಸ್ಥೆಯು ಬಂದರನ್ನೂ ಕೋಟೆಗಳನ್ನೂ ವಿಶ್ವಪರಂಪರೆಯ ತಾಣವೆಂದು ಸಾರಿತು.

ಇನ್ನು ಪಟ್ಟಣವನ್ನು ಪ್ರವೇಶಿಸೋಣ. ಡಿಸೆಂಬರದಿಂದ ಏಪ್ರಿಲ್ ವರೆಗೆ ಮಳೆಯಿಲ್ಲ, ಕಡಲ ಗಾಳಿ ಹಿತವಾಗಿ ಬೀಸುತ್ತದೆ. ಪ್ರವಾಸಿಗಳಿಗೆ ಅದು ಪ್ರಶಸ್ತವಾದ ಕಾಲ. ಉಳಿದ ತಿಂಗಳುಗಳಲ್ಲಿ ಮಂಗಳೂರಿನ ಸೆಕೆಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾದುದಿಲ್ಲ. ಹಳೆಯ ಪಟ್ಟಣದಲ್ಲಿ ವಾಹನಕ್ಕಿಂತ ಕಾಲ್ನಡಿಗೆಯೇ ಮೇಲು. ಬೀದಿಗಳು ಇಕ್ಕಟ್ಟು, ಮನೆಗಳು ಎತ್ತರ. ಆದುದರಿಂದ ಯಾವ ಹೊತ್ತಿನಲ್ಲಿಯೂ ಬೀದಿಯ ಒಂದು ಪಕ್ಕದಲ್ಲಾದರೂ ನೆರಳು ಸಿಕ್ಕುವುದು. ಅರಿಸಿನ, ಕಾವಿ, ನೀಲಿ ಬಣ್ಣ ಬಳಿದ ಗೋಡೆಗಳು. ಬೀದಿಯ ಮೇಲೆ ಚಾಚಿದ ಮರದ ಮೊಗಸಾಲೆಗಳು. ಅವುಗಳಿಂದ ಇಳಿಬಿದ್ದ ಕಾಗದದ ಹೂವಿನ ಬಳ್ಳಿಗಳು. ಒಳಗೆ ಹೊಕ್ಕರೆ ನಮ್ಮ ತೊಟ್ಟಿಯ ಮನೆಗಳಂತೆಯೇ ನಡುವೆ ತೆರೆದ ಅಂಗಳ. ಅದರ ಕೆಳಗೆ ಮಳೆಯ ನೀರನ್ನು ಕೂಡಿಡುವ ತೊಟ್ಟಿ ಇರುತ್ತಿದ್ದಿತು. ಏಕೆಂದರೆ ಸುತ್ತಲೂ ಉಪ್ಪುನೀರಿರುವ ಈ ಊರಿನಲ್ಲಿ ಕುಡಿಯುವ ನೀರಿನ ಹೊಳೆ ಇಲ್ಲ. ಶತ್ರುವು ಮುತ್ತಿಗೆ ಹಾಕಿದಾಗ ಜನರ ಪ್ರಾಣವು ಆ ತೊಟ್ಟಿಗಳಲ್ಲಿದ್ದಿತೆನ್ನಬಹುದು. ಬಾಗಿಲುಗಳಲ್ಲಿ ಬಡಿಯುವುದಕ್ಕೆಂದು ಲೋಹದ ಹಲ್ಲಿ, ಮೀನು, ಸಿಂಹಗಳ ಆಕೃತಿಗಳಿವೆ. ಯಜಮಾನನ ಅಂತಸ್ತಿಗೆ ತಕ್ಕ ಪ್ರಾಣಿಯೆಂದು ಮಾರ್ಗದರ್ಶಕರು ಹೇಳುತ್ತಾರೆ. ಸಿಂಹವೆಂದರೆ ಸೈನಿಕ, ಕಡಲ ಜೀವಿಯೆಂದರೆ ವರ್ತಕ.

ಮುಖ್ಯದ್ವಾರದ ಮೇಲೆ ಹಳದಿ ಬಣ್ಣದ ಗಡಿಯಾರ ಗೋಪುರವಿದೆ. ದ್ವಾರವು ಸ್ಪ್ಯಾನಿಷರ ಕಾಲದ್ದು, ಗಡಿಯಾರವು ಹತ್ತೊಂಬತ್ತನೆಯ ಶತಮಾನದ್ದು. ದ್ವಾರವನ್ನು ದಾಟಿದೊಡನೆ ಸಿಕ್ಕುವ ತ್ರಿಕೋನಾಕಾರದ ಚೌಕಕ್ಕೆ ಗಾಡಿಗಳ ಚೌಕವೆಂದು ಹೆಸರು. ಒಂದು ಪಕ್ಕದ ಕಮಾನುಗಳ ಕೆಳಗೆ ಮಿಠಾಯಿಯ ಅಂಗಡಿಗಳ ಸಾಲು. ಗಾಜಿನ ಭರಣಿಗಳಲ್ಲಿ ತೆಂಗಿನಕಾಯಿಯ ಬರ್ಫಿ, ಹುಣಿಸೆಯ ಉಂಡೆ, ಸೀಬೆಹಣ್ಣಿನ ಪಾಕ. ಇವುಗಳಲ್ಲಿ ತೆಂಗು ನಮ್ಮ ಕಡಲಿನಿಂದ ಪೋರ್ತುಗೀಜರ ಹಡಗುಗಳಲ್ಲಿ ಆ ಕಡೆಗೆ ಹೋದದ್ದು. ಹುಣಿಸೆಯ ಮೂಲ ಆಫ್ರಿಕಾ. ಸೀಬೆಯು ಅವರದು, ಅದೇ ಪೋರ್ತುಗೀಜರು ಅದನ್ನು ಗೇರು, ಪಪ್ಪಾಯಿ, ಮೆಣಸಿನಕಾಯಿಗಳೊಡನೆ ನಮ್ಮ ಕಡೆಗೆ ತಂದರು. ಮುಂಬಯಿಯಲ್ಲಿ ನಾವು ದಿನವೂ ಆಡುವ ‘ಬಟಾಟೆ’ ಎಂಬ ಶಬ್ದವು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳದು. ಅಲ್ಲಿ ಅದು ಗೆಣಸಿನ ಹೆಸರಾಗಿದ್ದಿತು.

ಮಿಠಾಯಿಯನ್ನು ಸವಿಯುತ್ತ ನಿಲ್ಲುವ ಇದೇ ಚೌಕದಲ್ಲಿ ಹಿಂದೆ ಮನುಷ್ಯರನ್ನು ಮಾರುತ್ತಿದ್ದರು. ಹದಿನಾರನೆಯ ಶತಮಾನದ ಕೊನೆಯಿಂದ 1640ರ ವರೆಗಿನ ಅವಧಿಯಲ್ಲಿ ಆಫ್ರಿಕಾದಿಂದ ಹಿಡಿದು ತಂದ ಲಕ್ಷಕ್ಕೂ ಮಿಕ್ಕಿದ ಜನರು ಈ ಬಂದರಿನಲ್ಲಿ ಇಳಿದರು. ಹಡಗಿನ ತಳದಲ್ಲಿ ಸಂಕೋಲೆ ತೊಟ್ಟು, ವಾರಗಟ್ಟಲೆ ಕತ್ತಲೆಯಲ್ಲಿ ಬಿದ್ದು, ದಾರಿಯಲ್ಲಿ ಸತ್ತವರು ಸತ್ತು ಉಳಿದವರು ಇಲ್ಲಿ ಬೆಳಕು ಕಂಡರು. ಇಲ್ಲಿಂದ ಅವರನ್ನು ಗಣಿಗಳಿಗೂ ತೋಟಗಳಿಗೂ ಮಾರಿ ಕಳುಹಿಸುತ್ತಿದ್ದರು. ಕೊಲಂಬಿಯಾದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯಿದೆ ಬಂದುದು 1851ರಲ್ಲಿ.

ಚೌಕದಿಂದ ಕೆಲವೇ ಹೆಜ್ಜೆ ನಡೆದರೆ ಸಂತ ಪೆದ್ರೊ ಕ್ಲವೇರನ ಇಗರ್ಜಿ. ಕ್ಲವೇರನು 1580ರಲ್ಲಿ ಸ್ಪೇಯಿನ್‌ನ ಕತಲೋನಿಯಾ ಪ್ರಾಂತದಲ್ಲಿ ಹುಟ್ಟಿ, 1610ರಲ್ಲಿ ಇಲ್ಲಿಗೆ ಬಂದ ಜೆಸುಯಿಟ್ ಪಾದ್ರಿ. ಗುಲಾಮರ ಹಡಗು ಬಂದಿತೆಂದರೆ ನೀರು, ಹಣ್ಣು, ಔಷಧಗಳನ್ನು ಕಟ್ಟಿಕೊಂಡು ದೋಣಿಯಲ್ಲಿ ಎದುರು ಹೋಗಿ, ಯಾರೂ ಕಾಲಿಡಲೊಲ್ಲದ ಆ ದುರ್ಗಂಧದ ತಳಕ್ಕೆ ಇಳಿಯುತ್ತಿದ್ದನು. ತಾನು ಗುಲಾಮರಿಗೆ ಎಂದೆಂದಿಗೂ ಗುಲಾಮನೆಂದು ಪ್ರತಿಜ್ಞೆ ಬರೆದು ರುಜು ಹಾಕಿದನು. 1654ರಲ್ಲಿ ತೀರಿಕೊಂಡ ಆತನನ್ನು 1888ರಲ್ಲಿ ಸಂತನೆಂದು ಘೋಷಿಸಿದರು. ಅಸ್ಥಿಗಳು ಇಗರ್ಜಿಯ ಪೀಠದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿವೆ. ಆತನ ಕರುಣೆಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಮಾರಾಟವನ್ನೇ ನಿಲ್ಲಿಸಬೇಕೆಂದು ಆತನು ಹೋರಾಡಲಿಲ್ಲವೆಂಬುದನ್ನೂ ಹೇಳಬೇಕಾಗುತ್ತದೆ. ಇನ್ನೊಂದು ಮಾತು. ಹಡಗಿನಲ್ಲಿ ಬಂದವರು ಆಡುತ್ತಿದ್ದ ಭಾಷೆಗಳು ಹತ್ತಾರು. ಪಾದ್ರಿಗೆ ಅವು ಬರುತ್ತಿರಲಿಲ್ಲ. ಆತನ ಪರವಾಗಿ ಮಾತಾಡಿ, ಹೆದರಿದವರನ್ನು ಸಂತೈಸಿದವರು ಮಠದ ದುಭಾಷಿಗಳು. ಅವರೂ ಆಫ್ರಿಕಾದವರೇ, ಮಠವು ಕೊಂಡುಕೊಂಡಿದ್ದ ಗುಲಾಮರೇ. ಅವರಲ್ಲಿ ಯಾರನ್ನೂ ಸಂತರೆಂದು ಸಾರಿಲ್ಲ.

ಅಲ್ಲಿಂದ ಬೊಲಿವಾರ್ ಚೌಕಕ್ಕೆ ಹೋದರೆ ದೊಡ್ಡ ಮರಗಳ ನೆರಳು, ನಡುವೆ ಸ್ವಾತಂತ್ರ್ಯವೀರ ಸಿಮೊನ್ ಬೊಲಿವಾರನ ಕುದುರೆಸವಾರಿಯ ಪ್ರತಿಮೆ. ಒಂದು ಮಗ್ಗುಲಲ್ಲಿ ಇನ್‌ಕ್ವಿಸಿಷನ್ ಅರಮನೆ. ಅಂದವಾದ ಕಲ್ಲಿನ ಬಾಗಿಲುವಾಡ, ಬಿಳಿಯ ಗೋಡೆ, 1770ರ ಕಟ್ಟಡ. ಇನ್‌ಕ್ವಿಸಿಷನ್ ಎಂದರೆ ಮತದ್ರೋಹವನ್ನು ವಿಚಾರಿಸುವ ನ್ಯಾಯಸ್ಥಾನ. ನಮ್ಮ ಗೋವೆಯಲ್ಲಿ ಪೋರ್ತುಗೀಜರು ಇಂಥದೇ ನ್ಯಾಯಸ್ಥಾನವನ್ನು 1560ರಲ್ಲಿ ಸ್ಥಾಪಿಸಿದ್ದರು. ಕಾರ್ತಹೇನಾದಲ್ಲಿ ಅದು ಬಂದುದು 1610ರಲ್ಲಿ. ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ ಇದೆ. ನೆರೆಮನೆಯವನು ಮಾಟ ಮಾಡುವನೆಂದೋ ನಿಷಿದ್ಧ ಗ್ರಂಥ ಓದುವನೆಂದೋ ಹೆಸರು ಹೇಳದೆ ದೂರು ಕೊಡಲು ಆ ಕಿಟಕಿ. ಒಳಗಿರುವ ಹಿಂಸೆಯ ಸಲಕರಣೆಗಳನ್ನು ಪ್ರವಾಸಿಗಳು ಗುಂಪುಗೂಡಿ ನೋಡುತ್ತಾರೆ. ಅವೆಲ್ಲಕ್ಕಿಂತ ಆ ಕಿಟಕಿಯೇ ಭಯಂಕರವೆಂದು ನನ್ನ ಎಣಿಕೆ. ಎದುರಿಗೇ ಚಿನ್ನದ ವಸ್ತುಸಂಗ್ರಹಾಲಯವಿದೆ. ಸ್ಪ್ಯಾನಿಷರಿಗಿಂತ ಬಹು ಹಿಂದೆ ಸೆನು ಜನರು ಮಾಡಿದ ತಂತಿಗೆಲಸದ ಮೂಗುತಿ ಓಲೆಗಳನ್ನು ಅಲ್ಲಿ ಕಾಣಬಹುದು.

ಇನ್ನು ಕೋಟೆಯ ಹೊರಗಿನ ಸಾನ್ ಫೆಲಿಪೆ ದುರ್ಗ. ಅದನ್ನು ಅರಿಯಬೇಕಾದರೆ 1741ರ ಮುತ್ತಿಗೆಯ ಕಥೆಯನ್ನು ತಿಳಿದಿರಬೇಕು. ಕಾರ್ತಹೇನಾದ ಕೊಲ್ಲಿಗೆ ಎರಡು ಬಾಯಿಗಳು. ಒಂದು ಬೊಕಗ್ರಾಂದೆ ಅಥವಾ ಹಿರಿಬಾಯಿ, ಇನ್ನೊಂದು ಬೊಕಚೀಕಾ ಅಥವಾ ಕಿರುಬಾಯಿ. ಹಿರಿಬಾಯಿಯು 1640ರಲ್ಲಿ ಹಡಗುಗಳು ಮುಳುಗಿ, ಅವುಗಳ ಸುತ್ತ ಮರಳು ಕಟ್ಟಿಕೊಂಡು ಮುಚ್ಚಿಹೋಗಿದ್ದಿತು. ಆದುದರಿಂದ ಒಳಬರುವ ಶತ್ರುವು ದೂರದ ಕಿರುಬಾಯಿಯಲ್ಲಿಯೇ ನುಸುಳಬೇಕು. ಆಗ ಇಂಗ್ಲೆಂಡಿಗೂ ಸ್ಪೇಯಿನ್‌ಗೂ ಯುದ್ಧ ನಡೆದಿದ್ದಿತು. ಪೊರ್ತೊಬೆಲೊ ಬಂದರನ್ನು 1739ರಲ್ಲಿ ಸುಲಭವಾಗಿ ಗೆದ್ದ ಅಡ್ಮಿರಲ್ ವರ್ನನನು ಈಗ ಕಾರ್ತಹೇನಾದ ಮೇಲೆ ಬಂದನು. ಅವನ ಹಡಗುಗಳು ಸಣ್ಣವು ದೊಡ್ಡವು ಸೇರಿ 186 ಎಂದು ವಾಡಿಕೆಯ ಲೆಕ್ಕ. ನಾವಿಕರೂ ಸೈನಿಕರೂ ಕೂಡಿ ಇಪ್ಪತ್ತು ಸಾವಿರವನ್ನು ಮೀರಿದ ಜನ. ಪಟ್ಟಣದಲ್ಲಿದ್ದವರು ಮೂರು ನಾಲ್ಕು ಸಾವಿರ. ಯುದ್ಧದ ಹಡಗುಗಳು ಆರೇ ಆರು.

ಆ ಆರು ಹಡಗುಗಳ ಅಧಿಪತಿ ಬ್ಲಾಸ್ ದೆ ಲೇಸೊ. ಹದಿನೈದರ ವಯಸ್ಸಿನಲ್ಲಿ ಒಂದು ಯುದ್ಧದಲ್ಲಿ ಎಡಗಾಲನ್ನು ಕಳೆದುಕೊಂಡವನು. ಮತ್ತೊಂದರಲ್ಲಿ ಒಂದು ಕಣ್ಣು ಹೋಯಿತು. ಮೂರನೆಯದರಲ್ಲಿ ಬಲಗೈ ನಿಷ್ಪ್ರಯೋಜಕವಾಯಿತು. ಅರ್ಧ ಮನುಷ್ಯನೆಂದು ಜನರು ಕರೆಯುತ್ತಿದ್ದರು. ಅವನಿಗೂ ವೈಸರಾಯ್ ಎಸ್ಲಾವನಿಗೂ ಸರಿಬೀಳುತ್ತಿರಲಿಲ್ಲ. ಶತ್ರುವು ಬಾಗಿಲಲ್ಲಿರುವಾಗಲೂ ಇಬ್ಬರೂ ಜಗಳವಾಡುತ್ತಿದ್ದರು. ವರ್ನನನಿಗೂ ಅವನ ಭೂಸೇನೆಯ ಅಧಿಪತಿಗೂ ಇದೇ ಪಾಡು, ಇನ್ನೂ ಹೆಚ್ಚಾಗಿ.

ಕಿರುಬಾಯಿಯ ದುರ್ಗವು ಹದಿನೈದು ದಿನಗಳಿಗೂ ಹೆಚ್ಚುಕಾಲ ಫಿರಂಗಿಗಳ ಏಟು ತಿಂದು ಕೊನೆಗೆ ಬಿದ್ದಿತು. ಸ್ಪ್ಯಾನಿಷರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿ ದಾರಿಗೆ ಅಡ್ಡಮಾಡಲೆತ್ನಿಸಿದರು. ಇಂಗ್ಲಿಷರು ಒಳಕೊಲ್ಲಿಗೆ ಬಂದೇಬಿಟ್ಟರು. ಗೆದ್ದೆವೆಂದು ವರ್ನನನು ತಾಯ್ನಾಡಿಗೆ ಸುದ್ದಿ ಕಳುಹಿಸಿದನು. ಲಂಡನ್ನಿನಲ್ಲಿ ಗಂಟೆ ಬಾರಿಸಿ ಸಂಭ್ರಮಪಟ್ಟರು. ಲೇಸೊ ಮಂಡಿಯೂರಿ ಕತ್ತಿ ಒಪ್ಪಿಸುವ ಚಿತ್ರವುಳ್ಳ ಪದಕಗಳನ್ನು ಟಂಕಿಸಿದರು. ಆ ಪದಕಗಳು ಈಗಲೂ ವಸ್ತುಸಂಗ್ರಹಾಲಯಗಳಲ್ಲಿವೆ.

ಇತ್ತ ಕಾರ್ತಹೇನಾದಲ್ಲಿ ನಡೆದುದೇ ಬೇರೆ. ಪಟ್ಟಣಕ್ಕೂ ಶತ್ರುವಿಗೂ ನಡುವೆ ಉಳಿದಿದ್ದುದು ಗುಡ್ಡದ ಮೇಲಿನ ಸಾನ್ ಫೆಲಿಪೆ ಒಂದೇ. ಈಗ ಕಾಣುವ ಬೃಹದ್ದುರ್ಗವಲ್ಲ. ಆಗ ಅದು 1657ರಲ್ಲಿ ಕಟ್ಟಿದ ಸಣ್ಣ ಕೋಟೆ. ಏಪ್ರಿಲ್ 20ರ ಮುಂಜಾವದ ಕತ್ತಲಲ್ಲಿ ಇಂಗ್ಲಿಷರು ಗುಡ್ಡವನ್ನು ಏರಿದರು. ಹೊತ್ತು ತಂದ ಏಣಿಗಳು ಗೋಡೆಯ ತಲೆಯನ್ನು ಮುಟ್ಟಲಿಲ್ಲ! ಬೆಳಕು ಹರಿಯುವ ವೇಳೆಗೆ ಇಳಿಜಾರಿನಲ್ಲಿ ನೂರಾರು ಜನ ಬಿದ್ದಿದ್ದರು. ಉಳಿದವರನ್ನು ಪೀತಜ್ವರವು ಹಿಡಿಯಿತು. ಸೊಳ್ಳೆಯಿಂದ ಹರಡುವ ಈ ರೋಗವು ಹೊಸಬರನ್ನು ಸಾವಿರಗಟ್ಟಲೆ ಕೊಂದಿತು. ಅಲ್ಲಿ ಹುಟ್ಟಿ ಬೆಳೆದವರಲ್ಲಿ ಅನೇಕರು ಬಾಲ್ಯದಲ್ಲಿ ಒಮ್ಮೆ ಅದನ್ನು ಅನುಭವಿಸಿ ಉಳಿದವರಾದುದರಿಂದ ಅವರಿಗೆ ಅದರ ಭಯ ಕಡಿಮೆ. ಮೇ ತಿಂಗಳಲ್ಲಿ ವರ್ನನನು ಹಡಗುಗಳನ್ನು ತಿರುಗಿಸಿದನು. ಗೆಲುವಿನ ಕೀರ್ತಿಯೆಲ್ಲ ಲೇಸೊನದೇ ಎನ್ನುವವರಿದ್ದಾರೆ. ಅರ್ಧಪಾಲು ಸೊಳ್ಳೆಗೂ ಸಲ್ಲಬೇಕೆಂಬುದು ನ್ಯಾಯ. ಲೇಸೊ ಅದೇ ವರ್ಷದ ಸೆಪ್ಟೆಂಬರದಲ್ಲಿ ತೀರಿಕೊಂಡನು. ಒಂಟಿಗಾಲಿನ ಅವನ ಪ್ರತಿಮೆ ಈಗ ದುರ್ಗದ ಬುಡದಲ್ಲಿ ಕತ್ತಿಯೆತ್ತಿ ನಿಂತಿದೆ. ವರ್ನನನ ದಂಡಿನಲ್ಲಿ ಉತ್ತರ ಅಮೇರಿಕಾದ ಲಾರೆನ್ಸ್ ವಾಷಿಂಗ್ಟನ್ ಎಂಬವನಿದ್ದನು. ಊರಿಗೆ ಮರಳಿ ತನ್ನ ತೋಟಕ್ಕೆ ‘ಮೌಂಟ್ ವರ್ನನ್’ ಎಂದು ಹೆಸರಿಟ್ಟನು. ಮುಂದೆ ಆ ತೋಟವು ಅವನ ತಮ್ಮ ಜಾರ್ಜ್ ವಾಷಿಂಗ್ಟನನ ಮನೆಯಾಯಿತು.

ಈಗಿನ ದುರ್ಗವು 1762ರಿಂದ ಮುಂದೆ ಅಂತೋನಿಯೊ ದೆ ಅರೆವಾಲೊ ಎಂಬ ಎಂಜಿನಿಯರನು ವಿಸ್ತರಿಸಿದುದು. ಒಂದರ ಮೇಲೊಂದು ಜಗಲಿಗಳಂತೆ ಗುಡ್ಡವನ್ನೇ ಕಲ್ಲಿನಿಂದ ಹೊದಿಸಿದ್ದಾನೆ. ಒಂದು ಬುರುಜು ಶತ್ರುವಿನ ಕೈಸೇರಿದರೂ ಮೇಲಿನ ಬುರುಜಿನಿಂದ ಅದರ ಮೇಲೆ ಗುಂಡು ಹಾರಿಸುವಂತೆ ರಚನೆ. ಒಳಗೆ ಸುರಂಗಗಳ ಜಾಲ; ಬಾಗಿ ನಡೆಯಬೇಕು. ದೂರದ ಹೆಜ್ಜೆಯ ಸದ್ದೂ ಕೇಳುವಂತೆ ಅವನ್ನು ಕಟ್ಟಿದ್ದಾರೆಂದು ಹೇಳುತ್ತಾರೆ. ಒಬ್ಬರು ಒಂದು ತುದಿಯಲ್ಲಿ ನಿಂತು ಪಿಸುಗುಟ್ಟಿ ಪರೀಕ್ಷಿಸಬಹುದು. ಇದೇ ಅರೆವಾಲೊ 1771ರಿಂದ 1778ರ ವರೆಗೆ ಹಿರಿಬಾಯಿಗೆ ಅಡ್ಡಲಾಗಿ ನೀರಿನೊಳಗೆ ಕಲ್ಲಿನ ಒಡ್ಡು ಹಾಕಿದನು. ಅದು ಮೇಲಕ್ಕೆ ಕಾಣುವುದಿಲ್ಲ. ಇಂದಿಗೂ ದೊಡ್ಡ ಹಡಗುಗಳು ಸುತ್ತುಹಾಕಿ ಕಿರುಬಾಯಿಯಿಂದಲೇ ಒಳಬರುತ್ತವೆ.

ಇಂಗ್ಲಿಷರಿಗೆ ಮಣಿಯದ ಪಟ್ಟಣವು 1811ರ ನವೆಂಬರ್ 11ರಂದು ಸ್ಪೇಯಿನ್‌ಗೂ ಮಣಿಯೆನೆಂದು ಸಾರಿತು. ಇದಕ್ಕೆ ಮುಂದಾದವರು ಹೆತ್ಸೆಮನಿ ಎಂಬ ಕೇರಿಯ ಕಮ್ಮಾರರು, ಕೂಲಿಕಾರರು, ಮಿಶ್ರವರ್ಣದ ಬಡಜನರು. 1815ರಲ್ಲಿ ಸ್ಪೇಯಿನ್‌ನ ಸೇನಾಪತಿ ಮೊರೀಯೊ ನೂರಕ್ಕೂ ಹೆಚ್ಚು ದಿನ ಮುತ್ತಿಗೆ ಹಾಕಿದನು. ಶತ್ರುವನ್ನು ಹೊರಗಿಡಲು ಕಟ್ಟಿದ ಗೋಡೆಯು ಆಗ ಒಳಗಿನವರಿಗೇ ಸೆರೆಮನೆಯಾಯಿತು. ಜನರು ತೊಗಲನ್ನು ಬೇಯಿಸಿ ತಿಂದರು. ಮೂರರಲ್ಲೊಂದು ಪಾಲು ಜನ ಹಸಿವಿಗೂ ರೋಗಕ್ಕೂ ತುತ್ತಾದರು. 1821ರಲ್ಲಿ ಬಿಡುಗಡೆ ದೊರೆಯಿತು. ‘ವೀರನಗರಿ’ ಎಂಬ ಬಿರುದು ಅಂದಿನಿಂದ ಬಂದಿದೆ. ಹೆತ್ಸೆಮನಿಯಲ್ಲಿ ಈಗ ಚಿತ್ರಗಳಿಂದ ತುಂಬಿದ ಗೋಡೆಗಳೂ ಉಪಾಹಾರಗೃಹಗಳೂ ಹೆಚ್ಚಿವೆ. ಬಾಡಿಗೆಯೂ ಏರಿ ಹಳೆಯ ಮನೆತನಗಳು ಕೇರಿ ಬಿಡುತ್ತಿವೆ.

ನೋಡತಕ್ಕವು ಇನ್ನೂ ಹಲವಿವೆ. ಲಾ ಪೋಪಾ ಗುಡ್ಡದ ಮಠದಿಂದ ಇಡೀ ಕೊಲ್ಲಿ ಕಾಣುತ್ತದೆ. ಗೋಡೆಯೊಳಗಿನ 23 ಕಮಾನುಕೋಣೆಗಳು ಹಿಂದೆ ಉಗ್ರಾಣವೂ ಸೆರೆಮನೆಯೂ ಆಗಿದ್ದು ಈಗ ಕೈಕೆಲಸದ ಅಂಗಡಿಗಳಾಗಿವೆ. ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ 1948ರಲ್ಲಿ ಇಲ್ಲಿಯ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದನು. ಆತನ ಚಿತಾಭಸ್ಮವನ್ನು 2016ರಲ್ಲಿ ಇಲ್ಲಿಯ ವಿಶ್ವವಿದ್ಯಾಲಯದ ಹಳೆಯ ಮಠದ ಅಂಗಳದಲ್ಲಿ ಇರಿಸಿದರು. ಸಂಜೆ ಗೋಡೆಯ ಮೇಲೆ ಊರವರೆಲ್ಲ ಗಾಳಿಸವಾರಿಗೆ ಬರುತ್ತಾರೆ. ಮಕ್ಕಳು ಗಾಳಿಪಟ ಹಾರಿಸುವುದು ಅಲ್ಲಿಯೇ.

ಇಷ್ಟು ಹೇಳಿ, ಹಣ್ಣು ಮಾರುವ ಹೆಂಗಸರ ವಿಷಯವನ್ನು ಬಿಟ್ಟರೆ ನ್ಯಾಯವಾಗದು. ಬಣ್ಣಬಣ್ಣದ ನೆರಿಗೆಯ ಉಡುಪು ತೊಟ್ಟು, ಹಣ್ಣಿನ ಬೋಗುಣಿಯನ್ನು ತಲೆಯ ಮೇಲಿಟ್ಟು ನಿಂತ ಇವರ ಚಿತ್ರವು ಕಾರ್ತಹೇನಾದ ಪ್ರತಿಯೊಂದು ಪ್ರಚಾರಪತ್ರದಲ್ಲಿಯೂ ಇದೆ. ಇವರು ಬರುವುದು ಸುಮಾರು 50 ಕಿಲೋಮೀಟರ್ ದೂರದ ಸಾನ್ ಬಸೀಲಿಯೊ ದೆ ಪಲೇಂಕೆ ಎಂಬ ಹಳ್ಳಿಯಿಂದ. ಕಾರ್ತಹೇನಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಕಾಡಿನಲ್ಲಿ ಮುಳ್ಳುಬೇಲಿ ಹಾಕಿ ಕಟ್ಟಿಕೊಂಡ ಸ್ವತಂತ್ರ ಊರುಗಳಲ್ಲಿ ಉಳಿದುಬಂದುದು ಇದು. ಅವರ ಮೊದಲಿನ ನಾಯಕ ಬೆಂಕೋಸ್ ಬಿಯೋಹೊ. ಅವನನ್ನು ಸೋಲಿಸಲಾಗದೆ ಗವರ್ನರನು ಸಂಧಿ ಮಾಡಿಕೊಂಡನು. ಆದರೂ 1621ರಲ್ಲಿ ಅವನನ್ನು ಹಿಡಿದು ಗಲ್ಲಿಗೇರಿಸಿದರು. ಹೋರಾಟ ನಿಲ್ಲಲಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸರಕಾರವೇ ಪಲೇಂಕೆಯವರ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ಓಡಿಹೋಗುವ ದಾರಿಯ ನಕ್ಷೆಯನ್ನು ಹೆಂಗಸರು ಜಡೆಯ ಹೆಣಿಗೆಯಲ್ಲಿ ಗುರುತು ಮಾಡಿ ತೋರಿಸುತ್ತಿದ್ದರೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ.

ಅವರಿಗೆ ತಮ್ಮದೇ ಆದ ಭಾಷೆಯೊಂದುಂಟು. ಶಬ್ದಗಳು ಬಹುಮಟ್ಟಿಗೆ ಸ್ಪ್ಯಾನಿಷಿನವು, ಅವುಗಳ ನಡುವೆ ಆಫ್ರಿಕಾದ ಕಿಕೊಂಗೊ ಭಾಷೆಯ ಮಾತುಗಳು, ವ್ಯಾಕರಣವು ಬೇರೆಯೇ. ಪಟ್ಟಣಕ್ಕೆ ಬಂದಾಗ ಆ ಮಾತನ್ನು ಕೇಳಿ ಪೇಟೆಯವರು ನಗುತ್ತಿದ್ದರು. ಕೆಟ್ಟ ಸ್ಪ್ಯಾನಿಷ್ ಎಂದು ಹೀಯಾಳಿಸುತ್ತಿದ್ದರು. ತಾಯಂದಿರು ಮಕ್ಕಳೊಡನೆ ಅದನ್ನು ಆಡುವುದನ್ನೇ ಬಿಡತೊಡಗಿದರು. ನಮ್ಮೂರಿನ ಲೋಕಲ್ ಗಾಡಿಯಲ್ಲಿ ಅಮ್ಮನು ಕನ್ನಡದಲ್ಲಿ ಕೇಳಿದರೆ ತಗ್ಗಿದ ದನಿಯಲ್ಲಿ ಹಿಂದಿಯಲ್ಲಿ ಉತ್ತರಿಸುವ ಹುಡುಗರನ್ನು ನಾನು ಕಂಡಿರುವುದರಿಂದ ಈ ಸಂಗತಿ ನನಗೆ ದೂರದ್ದೆಂದು ತೋರಲಿಲ್ಲ. ಪಲೇಂಕೆಯಲ್ಲಿ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹಳ್ಳಿಯ ಶಾಲೆಯಲ್ಲಿಯೇ ಆ ಭಾಷೆಯನ್ನು ಕಲಿಸಲಾರಂಭಿಸಿದರು. 2005ರಲ್ಲಿ ಯುನೆಸ್ಕೊ ಆ ಹಳ್ಳಿಯ ಸಂಸ್ಕೃತಿಯನ್ನು ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿಗಳಲ್ಲಿ ಸೇರಿಸಿತು. ಈ ಹಳ್ಳಿಯ ಹುಡುಗನಾದ ಆಂತೋನಿಯೊ ಸೆರ್ವಾಂತೆಸ್ 1972ರಲ್ಲಿ ಮುಷ್ಟಿಯುದ್ಧದಲ್ಲಿ ಜಗಜ್ಜೇತನಾದನು; ಅವನ ಗೆಲುವಿನ ದೆಸೆಯಿಂದಲೇ ಊರಿಗೆ ವಿದ್ಯುದ್ದೀಪ ಬಂದಿತೆಂದು ಅಲ್ಲಿಯವರು ಈಗಲೂ ಹೇಳಿಕೊಳ್ಳುತ್ತಾರೆ.

ಹಣ್ಣಿನ ಹೆಂಗಸರು ಕುಳಿತಿರುವುದು ಸಂತ ಕ್ಲವೇರನ ಇಗರ್ಜಿಯ ಬಳಿಯಲ್ಲಿ, ಗಡಿಯಾರ ಗೋಪುರದ ಆಸುಪಾಸಿನಲ್ಲಿ. ಅಂದರೆ ಅವರ ಪೂರ್ವಿಕರನ್ನು ಮಾರಿದ ಸ್ಥಳದಿಂದ ಕೂಗಳತೆಯಲ್ಲಿ. ಚಿತ್ರ ತೆಗೆಯುವವರು ಮೊದಲು ಅವರ ಅಪ್ಪಣೆ ಕೇಳಬೇಕು, ಏನಾದರೊಂದನ್ನು ಕೊಳ್ಳಲೂ ಬೇಕು. ಪಪ್ಪಾಯಿ, ಕಲ್ಲಂಗಡಿ, ಅನಾನಸುಗಳನ್ನು ಅಲ್ಲಿಯೇ ಹೆಚ್ಚಿ ಕೊಡುತ್ತಾರೆ. ಮಾವಿನಕಾಯಿಯನ್ನು ಉದ್ದುದ್ದನೆ ಸೀಳಿ ಉಪ್ಪು ಬೆರಸಿ, ನಿಂಬೆಯ ರಸ ಹಿಂಡಿ ತಿನ್ನುವ ರೂಢಿಯೂ ಆ ಊರಿನಲ್ಲಿದೆ. ಶಾಲೆಯ ಗೇಟಿನ ಮುಂದೆ ನೀವು ಕೊಳ್ಳುವುದಕ್ಕೂ ಅದಕ್ಕೂ ಇರುವ ಭೇದ ಖಾರದ ಪುಡಿಯದು ಮಾತ್ರ.